ಎರಡರ ಎಲೆ ಎಸೆದವರು

ಪಕ್ಕದಲ್ಲಿ ಕೂತಿದ್ದ ಮನುಷ್ಯ ಎರಡರ ಎಲೆಯನ್ನು ಎಸೆದ.

ಆರ್ಲೀನ್ ಪ್ರಾಥರ್ ತುಟಿಗೆ ತಂದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟಳು. ಈ ಮಷೀನಿನ ಪೋಕರ್‌ನಲ್ಲಿ ಎರಡು ಅಂದರೆ ನಿಮಗೆ ಯಾವ ಎಲೆ ಬೇಕೋ ಆ ಎಲೆ. ಐದರಲ್ಲಿ ಒಂದು ಎರಡು ಬಂದರೆ ಕುಡಿದು ತೂಗಾಡುವವನೂ ಅದನ್ನು ಬಿಡುವುದಿಲ್ಲ. ಇವನು ಬಿಟ್ಟ. ಒಂಟಿ ರಾಜನನ್ನು ಹಿಡಿದುಕೊಂಡ. ಸೋತು, "ಥೂ, ನನ್ನ ನಸೀಬೇ ಇಷ್ಟು" ಅಂದ.

ಸ್ವಂತ ದುಡ್ಡಿನಲ್ಲಿ ಆಡುವವನು ಹೀಗೆ ಆಡುವುದಿಲ್ಲ. ಹಾಗಾದರೆ ಯಾರ ದುಡ್ಡು? ಕ್ಯಾಸಿನೊದ್ದು. ಇವನು ಅವರ ಬೇಹುಗಾರ.

ಲಾಸ್ ವೇಗಸ್‌ನಿಂದ ಗುಡ್ಡ ದಾಟಿ ಬಂದರೆ ಸಿಗುವ ಧೂಳಿನ ಊರು ಅದು. ಅಲ್ಲಿನ 'ಡಸ್ಟಿ ಮ್ಯೂಲ್' ಕ್ಯಾಸಿನೊದ ಮೂಲೆಯಲ್ಲಿ ಎರಡೇ ಎರಡು ಹಳೆಯ ಮಷೀನುಗಳಿದ್ದವು. ಗಾಜಿನ ಮೇಲಿನ ಪಟ್ಟಿಯಲ್ಲಿ, ಒಂದೇ ತೆರನ ನಾಲ್ಕು ಎಲೆ ಬಿದ್ದರೆ ಒಂದಕ್ಕೆ ಐದು. ಊರಿನ ಉಳಿದ ಮಷೀನುಗಳಲ್ಲೆಲ್ಲ ನಾಲ್ಕು. ಆ ಒಂದರ ವ್ಯತ್ಯಾಸ ಕಣ್ಣಿಗೆ ಬಿದ್ದವರು ಕಡಿಮೆ. ತಪ್ಪಿಲ್ಲದೆ ಆಡಿದರೆ ಅಲ್ಲಿ ಸೋಲುವುದು ಕ್ಯಾಸಿನೊದವರು, ಗೆಲ್ಲುವುದು ನಾವು.

ಹನ್ನೊಂದು ವರ್ಷದಿಂದ ಆರ್ಲೀನಳ ಹದಿನಾಲ್ಕು ಮೇಕೆಗಳು ಆ ಒಂದರ ಲಾಭದಲ್ಲಿ ಕೊಂಡ ಕುದುರೆಮಸಾಲೆ ಹುಲ್ಲನ್ನೇ ತಿಂದಿದ್ದವು. ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಗೆದ್ದರೆ ನಗುತ್ತಿರಲಿಲ್ಲ, ಏಳುವಾಗ "ಹಾಳಾಗಿ ಹೋದೆ" ಎಂದು ಗೊಣಗುತ್ತಿದ್ದಳು. ಅವಳು ಜೂಜಿನಲ್ಲಿ ಮುಳುಗಿದಳೆಂದು ಒಡಹುಟ್ಟಿದ ತಂಗಿಯೇ ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರುತ್ತಿದ್ದಳು.

ಈಗ ಈ ಬೇಹುಗಾರ ಹೋಗಿ, ಮೂಲೆಯ ಮುದುಕಿ ತಪ್ಪೇ ಮಾಡುವುದಿಲ್ಲ ಎಂದು ಒಂದು ಮಾತು ಊದಿದರೆ ಸಾಕು. ಮಾರನೆಯ ದಿನ ಐದು ಅಳಿಸಿ ನಾಲ್ಕು ಬರೆಯುತ್ತಾರೆ. ಮೇಕೆಗಳನ್ನು ಮಾರಬೇಕಾಗುತ್ತದೆ.

ಉಳಿದ ದಾರಿ ಒಂದೇ. ಪೆದ್ದಿಯಾಗುವುದು.

ಮರುದಿನ ಬೆಳಿಗ್ಗೆ, ಅವನು ನೋಡುತ್ತಿರುವಂತೆಯೇ, ಆರ್ಲೀನ್ ಒಂದು ಎರಡನ್ನು ಎಸೆದಳು. ಹೆತ್ತ ಕೂಸನ್ನು ಬಾವಿಗೆ ಹಾಕಿದಷ್ಟು ಸಂಕಟವಾಯಿತು. ಅವನು ಕತ್ತು ಹೊರಳಿಸಿ ನೋಡಿದ. ಮುಖ ಬಿಳಿಚಿತು. ಮುಂದಿನ ಆಟದಲ್ಲಿ ಅವನು ಎರಡು ಎರಡುಗಳನ್ನು ಒಟ್ಟಿಗೇ ಎಸೆದ.

"ಎರಡನ್ನೂ ಬಿಟ್ರಲ್ಲ ಸಾಹೇಬ್ರೆ?"

"ಸಣ್ಣ ಎಲೆ ಕಂಡ್ರೆ ಆಗಲ್ಲ ಮೇಡಂ. ದೊಡ್ಡ ಮನೆತನ ನಮ್ದು." ಅವನು ಟೋಪಿ ಎತ್ತಿದ. "ಮರ್ಲ್ ಡಾಟ್ಸನ್."

"ನಾನೂ ಅಷ್ಟೆ ನೋಡಿ, ಮಂಗಳವಾರ ಬರೀ ಕೆಂಪು ಎಲೆ ಇಟ್ಕೊಳ್ಳೋದು."

"ಬುಧವಾರ?"

"ಬುಧವಾರ ಕಣ್ಮುಚ್ಕೊಂಡು ಆಡ್ತೀನಿ."

ಬುಧವಾರ ಅವಳು ನಿಜಕ್ಕೂ ಕಣ್ಣು ಮುಚ್ಚಿ ಆಡಿದಳು. ಗುರುವಾರ ಮರ್ಲ್ ಮೊಣಕೈಯಿಂದ ಗುಂಡಿ ಒತ್ತಿದ. ಶುಕ್ರವಾರ ಆರ್ಲೀನ್ ಕೈಗೆ ಬಂದಿದ್ದ ಗೆಲುವಿನ ಐದೂ ಎಲೆಗಳನ್ನು ಎಸೆದು, "ಅಯ್ಯೋ, ಎಲ್ಲಾ ಒಂದೇ ಬಣ್ಣ, ಚೆನ್ನಾಗಿಲ್ಲ" ಅಂದಳು. ಮರ್ಲ್‌ಗೆ ಕೆಮ್ಮು ಬಂದು ಕಾಫಿ ಮೂಗಿಗೆ ಏರಿತು. ಹೀಗೆ ಮೂರು ವಾರ. ಕೊಟ್ಟಿಗೆಯಲ್ಲಿ ಹುಲ್ಲಿನ ಕಟ್ಟುಗಳು ಕರಗಿದವು. ಮೇಕೆಗಳು ಬೇಲಿಯ ಹಲಗೆ ಕಡಿಯತೊಡಗಿದವು. ಆದರೂ ಅವಳಿಗೆ ಬೆಳಗಾಗುವುದೇ ತಡವೆನ್ನಿಸುತ್ತಿತ್ತು. ಇವತ್ತು ಅವನಿಗಿಂತ ದೊಡ್ಡ ಪೆದ್ದುತನ ಯಾವುದು ಮಾಡಲಿ ಎಂದು ಹಾಲು ಕರೆಯುತ್ತಲೇ ಲೆಕ್ಕ ಹಾಕಿ ಒಬ್ಬಳೇ ನಗುತ್ತಿದ್ದಳು.

ಅಷ್ಟರಲ್ಲಿ ಮ್ಯಾನೇಜರ್ ರೂಬೆನ್‌ನ ವರಸೆ ಬದಲಾಗಿತ್ತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವಳತ್ತ ನೋಡದವನು ಈಗ ಕುರ್ಚಿ ಒರೆಸಿ ಕೊಡುತ್ತಿದ್ದ. "ಮೇಡಂ, ಇವತ್ತಿನ ತಿಂಡಿ ನಮ್ದು. ಮರ್ಲ್ ಸರ್, ನಿಮ್ದೂ."

ಕಡಿಯುವ ಮುಂಚೆ ಮೇಕೆಗೆ ಬೆಲ್ಲ ತಿನ್ನಿಸುತ್ತಿದ್ದಾನೆ ಎಂದುಕೊಂಡಳು ಆರ್ಲೀನ್. ಮೊಟ್ಟೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ನಾಲ್ಕನೆಯ ಸೋಮವಾರ ಅವಳು ಬಂದಾಗ ಇಬ್ಬರು ಆಳುಗಳು ಮೂಲೆಯಲ್ಲಿ ನಿಂತಿದ್ದರು. ಮಷೀನುಗಳ ತಂತಿ ಕಿತ್ತಿದ್ದರು. ಪರದೆಗಳು ಕಪ್ಪಗಿದ್ದವು. ಬಾಗಿಲಲ್ಲಿ ತಳ್ಳುಗಾಡಿ.

ಆರ್ಲೀನ್ ಸೀದಾ ಹೋಗಿ ಅಲ್ಲೇ ನಿಂತಿದ್ದ ಮರ್ಲ್‌ನ ಅಂಗಿ ಹಿಡಿದಳು. "ಆಯ್ತಲ್ಲಯ್ಯ ನಿನ್ನ ಕೆಲಸ! ಎಷ್ಟು ಕೊಟ್ರು ಚಾಡಿ ಹೇಳೋಕೆ?"

"ನಾನಾ?" ಮರ್ಲ್ ಬಾಯಿ ಬಿಟ್ಟ. "ಬೇಹುಗಾರ್ತಿ ನೀವಲ್ವಾ? ಮೊದಲ್ನೇ ದಿನ ಎರಡು ಜೋಡಿ ಬಂದಾಗ ಒಂದು ಜೋಡಿ ಎಸೆದ್ರಿ ನೀವು. ಅಷ್ಟು ತಿಳಿದೋರು ಈ ಊರಲ್ಲಿ ಯಾರಿದಾರೆ? ಇವ್ರು ಕ್ಯಾಸಿನೊದವ್ರೇ ಅಂದ್ಕೊಂಡೆ. ಅದಕ್ಕೇ ಪೆದ್ದನ ಥರ ಆ ಎರಡನ್ನ ಎಸೆದಿದ್ದು!"

ಎರಡು ಜೋಡಿ ಬಂದರೆ ಒಂದನ್ನು ಬಿಡಬೇಕೆನ್ನುವುದು ಪುಸ್ತಕ ಅರೆದು ಕುಡಿದವರಿಗೆ ಮಾತ್ರ ಗೊತ್ತು. ಆರ್ಲೀನ್ ಅಂಗಿ ಬಿಟ್ಟಳು.

"ನೀವೂ...?"

"ಹದಿನಾರು ವರ್ಷ. ನಮ್ಮೂರಲ್ಲಿದ್ದ ಇಂಥ ಮಷೀನನ್ನ ಕಿತ್ತಾಕಿದ್ರು, ಹುಡುಕ್ಕೊಂಡು ಬಂದೆ. ನನ್ನ ಹೆಂಡ್ತಿ ನಾನು ಮೀನು ಹಿಡಿಯೋಕೆ ಹೋಗಿದೀನಿ ಅಂದ್ಕೊಂಡಿದಾಳೆ."

"ಈ ಮರಳುಗಾಡಲ್ಲಾ?"

ಮೊದಲು ಅವಳಿಗೆ ನಗು ಬಂತು, ಆಮೇಲೆ ಅವನಿಗೆ. ಹೊಟ್ಟೆ ಹಿಡಿದುಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಕೈಯೂರಿಕೊಂಡು ನಕ್ಕರು. ಮೇಕೆ ಹೋದರೂ ಹೋಯಿತು, ಇಂಥ ಮೂರು ವಾರ ಯಾರಿಗೆ ಸಿಕ್ಕೀತು ಎನ್ನಿಸಿತು ಆರ್ಲೀನಳಿಗೆ.

ರೂಬೆನ್ ಕೈ ಉಜ್ಜಿಕೊಳ್ಳುತ್ತ ಓಡಿಬಂದ.

"ಗಾಬರಿ ಆಗ್ಬೇಡಿ, ಸ್ವಲ್ಪ ಪಕ್ಕಕ್ಕೆ ಸರಿಸ್ತಿದೀವಿ ಅಷ್ಟೆ. ಇಡೀ ಕ್ಯಾಸಿನೊದಲ್ಲಿ ಈ ತಿಂಗಳು ಈ ಎರಡರಷ್ಟು ದುಡಿದ ಮಷೀನು ಇನ್ನೊಂದಿಲ್ಲ. ಯಜಮಾನ್ರು ಇದೇ ಐದರ ಪಟ್ಟಿಯವನ್ನ ಇನ್ನೂ ಹನ್ನೆರಡು ತರ್ಸಿದಾರೆ!"