ಹೊರದಾರಿಯ ಹಲ್ಲಿ

ನಲವತ್ತು ಮಹಡಿಯ ಆ ಕಚೇರಿ ಕಟ್ಟಡದಲ್ಲಿ ಹೊರದಾರಿ ತೋರಿಸುವ ಫಲಕಗಳನ್ನು ಕಿತ್ತುಹಾಕಿ ಅವುಗಳ ಜಾಗಕ್ಕೆ ಹಲ್ಲಿಗಳನ್ನು ಬಿಟ್ಟು ಏಳು ವರ್ಷವಾಗಿತ್ತು. ಹೊಗೆಯ ವಾಸನೆ ಬಡಿದರೆ ಅವು ಹಸಿರಾಗಿ ಹೊಳೆಯುತ್ತ, ಲೊಚಗುಟ್ಟುತ್ತ, ಅಪಾಯವಿಲ್ಲದ ಮೆಟ್ಟಿಲಿನ ಕಡೆ ಓಡುತ್ತಿದ್ದವು. ಜನ ಹಿಂದೆ ಹೋದರಾಯಿತು. ಅವಕ್ಕೆ ದಿನವೂ ಹುಳ ಹಾಕುವುದು ಮಂಜವ್ವನ ಕೆಲಸ.

ಅಂದು ಬೆಳಿಗ್ಗೆ ಇಪ್ಪತ್ತೆರಡನೇ ಮಹಡಿಯಲ್ಲಿ ಅವಳು ಹುಳದ ಡಬ್ಬಿ ತೆರೆಯುವಷ್ಟರಲ್ಲಿ ಗೋಡೆಯ ಹಲ್ಲಿ ಹಸಿರಾಯಿತು.

"ಏಳ್ರಪ್ಪಾ, ಎಲ್ಲೋ ಹೊಗೆ ಎದ್ದೈತೆ," ಎಂದಳು.

"ಏನೂ ಆಗಿರಲ್ಲ ಬಿಡವ್ವಾ," ಎಂದ ಗುಮಾಸ್ತ ಪರಮೇಶಿ, ಕಡತದಿಂದ ತಲೆ ಎತ್ತದೆ.

ಹಲ್ಲಿ ಲೊಚಗುಟ್ಟಿತು.

"ನೋಡ್ರಿ, ಸತ್ಯ!" ಎಂದು ಪರಮೇಶಿ ಬೆರಳಿನಿಂದ ಮೇಜು ಕುಟ್ಟಿದ. ಇಡೀ ಕೋಣೆ ಮೇಜು ಕುಟ್ಟಿ ಮತ್ತೆ ಕೆಲಸಕ್ಕಿಳಿಯಿತು.

ಅದು ಹೌದೆನ್ನುತ್ತಿಲ್ಲ, ಕರೆಯುತ್ತಿದೆ ಎಂದು ಏಳು ವರ್ಷ ಹೇಳಿ ಹೇಳಿ ಮಂಜವ್ವನಿಗೆ ಸಾಕಾಗಿತ್ತು. ಈ ಸಲ ಹೇಳಲಿಲ್ಲ. ಹಲ್ಲಿಯ ಪಕ್ಕ ನಿಂತು, ಎಲ್ಲರಿಗೂ ಕೇಳುವಂತೆ, "ಇಲ್ಲಿ ಕೂತಿರೋರು ಒಬ್ರೂ ಉಳಿಯಲ್ಲ," ಎಂದಳು.

ಲೊಚ್ ಲೊಚ್ ಲೊಚ್.

ಕುರ್ಚಿಗಳು ಉರುಳಿದವು. ಓಡುವ ಹಲ್ಲಿಯ ಹಿಂದೆ ಎಲ್ಲರೂ ಓಡಿದರು. ಮಂಜವ್ವ ಮೊಣಕಾಲು ಹಿಡಿದುಕೊಂಡು ಎಲ್ಲರಿಗಿಂತ ಕೊನೆಗೆ ಇಳಿದಳು.

ಅವಳು ಅಂಗಳ ಮುಟ್ಟುವಾಗ ಇಪ್ಪತ್ತೆರಡನೇ ಮಹಡಿಯ ಕಿಟಕಿಗಳಲ್ಲಿ ಬೆಂಕಿ ಕಾಣುತ್ತಿತ್ತು. ಎಲ್ಲರೂ ಬದುಕಿದ್ದರು. ಯಾರೂ ಅವಳ ಹತ್ತಿರ ಬರಲಿಲ್ಲ.

ಪರಮೇಶಿ ದೂರದಿಂದಲೇ ಹೇಳಿದ: "ಬೆಳ್ಗೆ ಬೆಳ್ಗೆ ಅಂಥ ಮಾತು ಆಡಬಾರ್ದಾಗಿತ್ತು ನೀನು. ನೋಡು, ಹಂಗೇ ಆತು."

ಕಾಂಪೌಂಡ್ ಗೋಡೆಯ ಮೇಲೆ, ಇನ್ನೂ ಹೊಗೆ ಮೂಸುತ್ತಿದ್ದ ಹಲ್ಲಿ ಲೊಚಗುಟ್ಟಿತು.

ಎಲ್ಲರೂ ಬಗ್ಗಿ ನೆಲ ಕುಟ್ಟಿದರು.