ಕೆನ್ನೆಯತ್ತ ವಾಲಿದ ಬೇರು

"ಇದು ನಿಮ್ಮ ಕೆಲಸ ಹೌದೋ ಅಲ್ವೋ, ಅಷ್ಟು ಹೇಳಿದ್ರೆ ಸಾಕು," ಎಂದರು ತನಿಖಾಧಿಕಾರಿ.

ಕಿರಿಯ ದಂತವೈದ್ಯೆ ತನ್ನ ವಿಆರ್ ಕನ್ನಡಕದ ಪಟ್ಟಿ ಬಿಗಿದುಕೊಂಡಳು. ಅದನ್ನು ತೊಟ್ಟು, ಸ್ಕ್ಯಾನ್ ಮಾಡಿದ ದವಡೆಯೊಳಗೆ ಓಡಾಡುತ್ತ, ಇಂಪ್ಲಾಂಟಿನ ಲೋಹದ ಬೇರು ಎಲ್ಲಿ ಕೂರಬೇಕು, ಎಷ್ಟು ವಾಲಬೇಕು ಎಂದು ಮೊದಲೇ ಗುರುತು ಹಾಕುವುದು ಅವಳ ನಿತ್ಯದ ಕಸುಬು. ಇಂದು ಹಾಗಲ್ಲ. ಆಗಲೇ ಕೂತಿರುವ ಒಂದು ಇಂಪ್ಲಾಂಟ್ ತಾನು ಗುರುತು ಹಾಕಿದ್ದೇ ಎಂದು ಹೇಳಬೇಕು. ಕಲಿಯುವ ದಿನಗಳಲ್ಲಿ ಮಾಡಿದ್ದು, ಕಡತಕ್ಕೆ ಸೇರಿರಲಿಲ್ಲ. ಅಲ್ಲ ಎಂದರೆ ಎದ್ದು ಮನೆಗೆ ಹೋಗಬಹುದು. ಹೌದು ಎಂದರೆ ಎಲ್ಲ ಮುಗಿಯಿತು.

"ನಾನೂ ಇಲ್ಲೇ ಇರ್ತೀನಮ್ಮ," ಎಂದರು ಕೆಲಸ ಕಲಿಸಿದ ದೊಡ್ಡ ಡಾಕ್ಟರು. ಅವರ ಬಾಯಲ್ಲಿ ಅವಳು ಎಂದೂ 'ಅಮ್ಮ' ಆಗಿರಲಿಲ್ಲ. 'ಏ ಸೊಟ್ಟಗೈ' ಎಂದೇ ಕರೆಯುತ್ತಿದ್ದದ್ದು.

ದವಡೆ ತೆರೆದುಕೊಂಡಿತು. ಅಜ್ಜಿಯ ಕಥೆಯಲ್ಲಿ ದಾರಿಹೋಕರು ರಾಕ್ಷಸನ ಬಾಯನ್ನು ಗುಹೆಯೆಂದುಕೊಂಡು, ಒಳಹೊಕ್ಕು ಒಲೆ ಹೂಡುತ್ತಿದ್ದರು. ಅವಳೂ ಒಳಹೊಕ್ಕಳು. ಕಂಬಗಳಂತೆ ಹಲ್ಲು. ನೆಲದಡಿಯಲ್ಲಿ ಹಳದಿ ದಾರದಂತೆ ನರ. ಸ್ಕ್ಯಾನ್ ಆಗುವಾಗ ಯಾರಾದರೂ ಉಗುಳು ನುಂಗಿಯೇ ನುಂಗುತ್ತಾರೆ, ಅಂಚು ಮಸುಕಾಗುತ್ತದೆ. ಇದರಲ್ಲಿ ಕೂದಲೆಳೆಯಷ್ಟೂ ಅಲುಗಾಟವಿಲ್ಲ.

ಅವಳ ಮೊಟ್ಟಮೊದಲ ಗುರುತು ಸೊಟ್ಟಗಾಗಿತ್ತು. ಎಕ್ಸ್‌ರೇ ಫಿಲ್ಮಿನಲ್ಲಿ ರೋಗಿ ನಮ್ಮೆದುರು ಕೂತಿರುತ್ತಾನೆ. ಅವನ ಬಲ ನಮ್ಮ ಎಡ. ಕನ್ನಡಕ ತೊಟ್ಟರೆ ಅವನ ಗಂಟಲಲ್ಲಿ ನಿಂತು ತುಟಿಯತ್ತ ನೋಡುತ್ತೇವೆ. ಅವನ ಬಲ ನಮ್ಮ ಬಲವೇ. ಹಳೆಯ ರೂಢಿ ಬಿಡದೆ, ನಾಲಿಗೆಯತ್ತ ವಾಲಬೇಕಾದ್ದನ್ನು ಅವಳು ಕೆನ್ನೆಯತ್ತ ವಾಲಿಸಿದ್ದಳು. ತಿಳಿಯುವ ಹೊತ್ತಿಗೆ ಮೂಳೆ ಬೇರನ್ನು ಕಚ್ಚಿಕೊಂಡಿತ್ತು. ಆ ತಪ್ಪನ್ನು ಮತ್ತೆ ಮಾಡಲಿಲ್ಲ. ಬೇರೆಯವರು ಮಾಡಿದ್ದನ್ನೂ ಕಂಡಿರಲಿಲ್ಲ.

"ತುತ್ತಿಗೊಂದ್ಸಲ ಕೆನ್ನೆ ಕಚ್ಕೊಳ್ತೀನಿ. ಒಂದಿನ ಪೊಲೀಸರಿಗೇ ದೂರು ಕೊಡ್ತೀನಿ, ನೋಡ್ತಿರು," ಎಂದಿದ್ದ ಆ ಬಾಯಿಯ ಯಜಮಾನ.

"ಕೊಡು ಹೋಗು. ಬಾಯಿ ತೆಗೆದು ಕೂತೋನು ನೀನೇ ತಾನೆ?" ಎಂದಿದ್ದಳು.

ಬಲಗಡೆಯ ಕೊನೆಯ ಮೂಲೆಗೆ ನಡೆದಳು. ನೆಟ್ಟಗಿರಲಿ, ಇದೊಂದು ನೆಟ್ಟಗಿದ್ದುಬಿಡಲಿ.

ಇಂಪ್ಲಾಂಟ್ ಕೆನ್ನೆಯತ್ತ ವಾಲಿತ್ತು.

ಅಳತೆ ಹಿಡಿದಳು. ಇನ್ನೊಮ್ಮೆ ಹಿಡಿದಳು. ಏನೂ ಅನಿಸಲಿಲ್ಲ. ಅರಿವಳಿಕೆ ಚುಚ್ಚಿದ ತುಟಿಯಂತೆ ಮೈಯೆಲ್ಲ ದಪ್ಪಗಾಗಿ, ಬೇರೆ ಯಾರದೋ ಆಗಿತ್ತು.

"ಅವಸರ ಇಲ್ಲ," ಎಂದರು ಅಧಿಕಾರಿ. ನೀರಿನ ಲೋಟ ಸರಿಸಿದ ಸದ್ದಾಯಿತು.

"ನೋಡಿ ಆಯ್ತು. ನಂದೇ." ಅವಳ ದನಿ ಔಷಧದ ಚೀಟಿ ಓದುವವರ ದನಿಯಂತಿತ್ತು. "ಈ ತಪ್ಪು ನಾನೊಬ್ಳೇ ಮಾಡಿದ್ದು."

ದೊಡ್ಡ ಡಾಕ್ಟರು ಅವಳ ಹೆಗಲ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ. ಅಧಿಕಾರಿ ಕಾಗದದಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಒಂದು ಹೆಸರು ಬರೆದು, ಪೆನ್ನಿನ ಮುಚ್ಚಳ ಹಾಕಿ, ಎದ್ದು ನಿಂತರು.

"ಶವ ನಾಳೆ ಕೊಡ್ತೀವಿ. ನಿಮ್ಮ ಅಣ್ಣ ಸಿಕ್ಕಿದ್ದನ್ನ ತಾಯಿಗೆ ನೀವೇ ಹೇಳ್ತೀರಾ, ಇಲ್ಲ ನಾವೂ ಜೊತೆಗೆ ಬರೋಣ್ವಾ?"