ಒಳಗಿನಿಂದ ಹಾಕಿದ ಅಗಳಿ

ಬಾಗಿಲ ಸಂದಿಯಲ್ಲಿ ದಾರ ಮತ್ತೆ ಸಿಕ್ಕಿಕೊಂಡಿತು. ಕಾದಂಬರಿಕಾರ್ತಿ ಹಲ್ಲು ಕಚ್ಚಿ ಎಳೆದಳು. ಒಳಗಿನ ಅಗಳಿ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅವಳು ಸಾಯಿಸಬೇಕಾಗಿದ್ದದ್ದು ಒಬ್ಬ ಆಸ್ಥಾನ ಜ್ಯೋತಿಷಿಯನ್ನು. ಇನ್ನೂರು ವರ್ಷ ಹಿಂದಿನ ಅರಮನೆ. ಕಂಡವರ ಸಾವನ್ನೆಲ್ಲ ಮುಂಚಿತವಾಗಿ ಹೇಳುತ್ತಿದ್ದ ಆಸಾಮಿ, ತನ್ನದೊಂದನ್ನು ಮಾತ್ರ ಲೆಕ್ಕ ಹಾಕದೆ ಕೋಣೆಯಲ್ಲಿ ಹೆಣವಾಗಿ ಬಿದ್ದಿದ್ದಾನೆ. ಬಾಗಿಲಿಗೆ ಒಳಗಿನಿಂದ ಅಗಳಿ. ಒಳಗೆ ಬೇರೆ ನರಪಿಳ್ಳೆಯಿಲ್ಲ. ಹಾಗಾದರೆ ಕೊಂದವನು ಹೊರಗೆ ಬಂದದ್ದು ಹೇಗೆ? ಆ ಒಂದು ಅಧ್ಯಾಯ ಬಿಟ್ಟು ಉಳಿದ ಕಾದಂಬರಿಯೆಲ್ಲ ಮುಗಿದಿತ್ತು.

ಅವಳ ಪದ್ಧತಿಯೇ ಹಾಗೆ. ಮೊದಲು ಕಾಲವನ್ನು ಗೊತ್ತು ಮಾಡಿಕೊಳ್ಳುವುದು, ಆಮೇಲೆ ಹೆಣ, ಅದರ ಬೆನ್ನಿಗೆ ಕೊಲೆಗಾರ. ಆ ಕಾಲದಲ್ಲಿ ಬೆಂಕಿಪೊಟ್ಟಣ ಇರಲಿಲ್ಲವೆಂದರೆ ಅವಳ ಕಥೆಯಲ್ಲೂ ಯಾರೂ ಕಡ್ಡಿ ಗೀರುವಂತಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಮುಖದ ಗುರುತು ಹತ್ತುತ್ತದೋ ಇಲ್ಲವೋ ನೋಡಲು ಗಂಡನಿಗೆ ಕಂಬಳಿ ಹೊದಿಸಿ ಮೆಟ್ಟಿಲ ಕೆಳಗೆ ನಿಲ್ಲಿಸುತ್ತಿದ್ದಳು. ಇಷ್ಟೆಲ್ಲ ಮಾಡಿಯೂ ಹಿಂದಿನ ಪುಸ್ತಕಕ್ಕೆ ಒಬ್ಬ ವಿಮರ್ಶಕ, ‘ಈ ಕೊಲೆ ಕಾಗದದ ಮೇಲೆ ಮಾತ್ರ ಸಾಧ್ಯ’ ಎಂದು ಬರೆದು ಅವಳ ಹೊಟ್ಟೆ ಉರಿಸಿದ್ದ. ಈ ಸಲ ಮನೆಯಲ್ಲೇ ಮಾಡಿ ನೋಡದೆ ಒಂದಕ್ಷರ ಬರೆಯುವುದಿಲ್ಲ ಎಂದು ಶಪಥ ತೊಟ್ಟಿದ್ದಳು.

ಮನೆಯಲ್ಲಿ ಮರದ ಅಗಳಿ ಉಳಿದಿದ್ದದ್ದು ಸಾಮಾನಿನ ಕೋಣೆಗೆ ಮಾತ್ರ. ಮೇಲೊಂದು ಗವಾಕ್ಷಿ. ಕೆಳಗೆ ಹಳೆಯ ಪಾತ್ರೆ, ಕೈ ಮುರಿದ ಕುರ್ಚಿ, ಅವಳದೇ ಪುಸ್ತಕಗಳ ಕಟ್ಟುಗಳು.

ಆ ಕಟ್ಟುಗಳ ಬಗ್ಗೆ ಅತ್ತೆಯದು ಯಾವಾಗಲೂ ಒಂದೇ ಮಾತು. “ಸಂಸಾರಸ್ಥರ ಮನೇಲಿ ಇಷ್ಟೊಂದು ಹೆಣ ಇಟ್ಕೋಬಾರ್ದು ಕಣೇ. ನಾನಂತೂ ಮುಟ್ಟಿಯೂ ನೋಡಲ್ಲ.” ಬೆಳಗ್ಗೆ ದಾರದ ಪ್ರಯೋಗ ಕಂಡು, “ಒಂದು ಬಾಗಿಲು ಹಾಕೋಕೆ ಇಷ್ಟೊಂದು ಓದ್ಕೊಂಡಿರ್ಬೇಕಾ?” ಎಂದು ಮೂಗು ಮುರಿದಿದ್ದರು. ಊಟವಾದ ಮೇಲೆ ಅವರು ಮನೆಯಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪಕ್ಕದ ಮನೆಯಾಕೆಯ ಜೊತೆ ಹರಟೆಗೆ ಕೂತರೆ ಹೊತ್ತು ಮುಳುಗುವವರೆಗೂ ಏಳುವುದಿಲ್ಲ ಎಂದು ಮಗ, ಸೊಸೆ ಇಬ್ಬರೂ ನಗುತ್ತಿದ್ದರು.

ಮಧ್ಯಾಹ್ನದ ಊಟ ಮುಗಿಸಿ ಬಂದ ಕಾದಂಬರಿಕಾರ್ತಿ ಹೊಸ ದಾರಕ್ಕೆ ಮೇಣ ಸವರಿದಳು. ಅಗಳಿಗೆ ಕುಣಿಕೆ ಹಾಕಿ, ತುದಿಗಳನ್ನು ಸಂದಿಯಿಂದ ಹೊರತಂದು, ಬಾಗಿಲೆಳೆದುಕೊಂಡು ಜಗ್ಗಿದಳು. ದಾರ ಸರಕ್ಕನೆ ಇಡಿಯಾಗಿ ಕೈಗೆ ಬಂತು. ಬಾಗಿಲು ತಳ್ಳಿ ನೋಡಬೇಕು, ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು.

“ಮೇಡಂ, ನಿಮ್ಮ ಜ್ಯೋತಿಷಿ ಸತ್ತು ಎಷ್ಟು ಕಾಲ ಆಯ್ತು?” ಪ್ರಕಾಶಕ. “ಇವತ್ತು ಕೊನೆ ಅಧ್ಯಾಯ ಕಳಿಸದಿದ್ರೆ ಅಚ್ಚಿಗೆ ಬೇರೆಯವರ ಪುಸ್ತಕ ಹೋಗುತ್ತೆ.”

“ಕೊಲೆಗಾರ ಇನ್ನೂ ಕೋಣೆಯಿಂದ ಹೊರಗೆ ಬಂದಿಲ್ಲ ಸಾರ್.”

“ಒಳಗೇ ಇದ್ರೆ ಇರ್ಲಿ ಬಿಡಿ ಮೇಡಂ!”

ಅವನ ಗೋಳನ್ನೆಲ್ಲ ಕೇಳಿ ಮುಗಿಸಿ ಬಂದು ಬಾಗಿಲು ತಳ್ಳಿದಳು. ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದಳು. ಬಂಡೆ! ಅಗಳಿ ಬಿದ್ದಿದೆ! ಕೈಯಲ್ಲಿದ್ದ ದಾರಕ್ಕೆ ಮುತ್ತಿಟ್ಟು, ನಿಂತಲ್ಲೇ ಒಂದು ಸುತ್ತು ಕುಣಿದಳು.

ಆಮೇಲೆ ಬರೆಯಲು ಕೂತವಳು ತಲೆ ಎತ್ತಲಿಲ್ಲ. ಮೇಣ, ಕುಣಿಕೆ, ಜಗ್ಗಿದ ಓರೆ, ಒಂದೂ ಬಿಡಲಿಲ್ಲ. ಮುನ್ನುಡಿಗೆ ಒಂದು ಸಾಲನ್ನೂ ಸೇರಿಸಿದಳು: ‘ಈ ತಂತ್ರವನ್ನು ಲೇಖಕಿ ಸ್ವತಃ ಮಾಡಿ ನೋಡಿದ್ದಾಳೆ, ವಿಮರ್ಶಕರೂ ನೋಡಬಹುದು.’ ಕಳಿಸಿಯೂ ಬಿಟ್ಟಳು. ‘ಅದ್ಭುತ! ಅಚ್ಚಿಗೆ ಹೋಯಿತು’ ಎಂದು ಪ್ರಕಾಶಕನ ಉತ್ತರವೂ ಬಂತು.

ಕೆಲಸದಿಂದ ಬಂದ ಗಂಡನನ್ನು ಬೂಟು ಬಿಚ್ಚಲೂ ಬಿಡದೆ ಎಳೆದು ತಂದಳು. “ತಳ್ಳಿ ನೋಡ್ರೀ!”

ಅವನು ತಳ್ಳಿದ. ತಲೆದೂಗಿದ. “ಭೇಷ್! ಸರಿ, ಈಗ ತೆಗಿ.”

“ತೆಗೆಯೋದು ನನ್ನ ಕಥೇಲಿಲ್ಲ. ಅಲ್ಲಿ ಕಾವಲುಗಾರರು ಒಡೀತಾರೆ.”

ಗಂಡನ ಮುಖ ಬಿಳಿಚಿಕೊಂಡಿತು. “ಆ ಬಾಗಿಲು ಅಂದ್ರೆ ಅಮ್ಮನಿಗೆ ಪ್ರಾಣ ಕಣೇ! ಅವಳು ಬರೋದ್ರೊಳಗೆ ಹೇಗಾದ್ರೂ ತೆಗೆಸ್ಬೇಕು. ಗೊತ್ತಾದ್ರೆ ನಮ್ಮಿಬ್ಬರ ಗತಿಯೂ ಜ್ಯೋತಿಷಿಯದೇ.”

ಬೀದಿಯ ಕೊನೆಯ ಬಡಗಿಯನ್ನು ಓಡೋಡಿ ಕರೆತಂದ. ಬಡಗಿ ಬಾಗಿಲನ್ನು ತಟ್ಟಿ, ಸಂದಿಯಲ್ಲಿ ಕಣ್ಣಿಟ್ಟು ನೋಡಿ, ಕಿವಿ ಕೆರೆದುಕೊಂಡ.

“ಒಳಗಡೆ ಯಾರಿದಾರಮ್ಮ?”

“ಯಾರೂ ಇಲ್ಲ.”

“ಮತ್ತೆ ಒಳಗಿಂದ ಅಗಳಿ ಹಾಕಿದ್ಯಾರು?”

“ನಾನೇ!” ಎಂದಳು ಎದೆಯುಬ್ಬಿಸಿ. “ಇಲ್ಲೇ, ಹೊರಗೆ ನಿಂತ್ಕೊಂಡು.”

ಬಡಗಿ ಗಂಡನ ಕಡೆ ನೋಡಿದ. “ಕಥೆ ಬರೀತಾಳೆ,” ಎಂದ ಗಂಡ, ಮೆಲ್ಲಗೆ. ಬಡಗಿ ಅರ್ಥವಾದವನಂತೆ ಕನಿಕರದಿಂದ ತಲೆಯಾಡಿಸಿ, ಸಂದಿಗೆ ಉಳಿ ಕೊಟ್ಟು, ಸುತ್ತಿಗೆ ಎತ್ತಿದ.

“ಏಯ್, ಬಾಗಿಲಿಗೆ ಏಟು ಬಿತ್ತೋ ಜೋಕೆ!” ಒಳಗಿನಿಂದ ಅತ್ತೆಯ ದನಿ ಗುಡುಗಿತು. “ಅಗಳಿ ಹಾಕ್ಕೊಂಡವಳು ನಾನು, ತೆಗೆಯೋಳೂ ನಾನೇ; ಇನ್ನೆರಡು ಪುಟ ಇದೆ, ಕೊಂದವನ್ಯಾರು ಅಂತ ತಿಳ್ಕೊಂಡು ಬರ್ತೀನಿ!”